ಉತ್ತರದ ಹಗೇವು

ಒಂದೇ ಗುಡ್ಡ, ಎರಡು ಮುಖ.
ತೆಂಕಣ ಮುಖಕ್ಕೆ ಬಿಸಿಲು, ಬರ್ಚ್ ಮರ, ಕಾಲಡಿ
ನಾಲ್ಕು ಬೆರಳು ತರಗೆಲೆ, ಆಮೇಲೆ ಬರೀ ಕಲ್ಲುಮಣ್ಣು.
ಬಡಗಣ ಮುಖಕ್ಕೆ ನೆರಳು, ಪಾಚಿ,
ನನ್ನ ಎದೆಮಟ್ಟ ಬೆಳೆಯಲು ನೂರು ವರ್ಷ ತೆಗೆದುಕೊಂಡ
ಕಪ್ಪು ಸ್ಪ್ರೂಸ್.
ಯಾವುದು ಬಡ ನೆಲ ಎಂದರೆ
ಬಂದವರೆಲ್ಲ ಬಡಗಣವನ್ನೇ ತೋರಿಸುತ್ತಾರೆ.

ಕೊರೆದು ನೋಡಬೇಕು.
ಕಬ್ಬಿಣದ ಕೊಳವೆ ಮೊಳಗಟ್ಟಲೆ ಕಪ್ಪನ್ನು ಹೊರಗೆಳೆಯುತ್ತದೆ:
ಬೇರು, ಸೂಜಿ ಎಲೆ, ಪಾಚಿಯ ಮೇಲೆ ಪಾಚಿ,
ಯಾವ ಕಾಲದ್ದೋ ಒಂದು ರೆಂಬೆ, ತೊಗಟೆ ಸಮೇತ.
ಇಲ್ಲಿ ಬೆಳೆದದ್ದು ಕಡಿಮೆ.
ಉಂಡದ್ದು ಅದಕ್ಕಿಂತ ಕಡಿಮೆ.
ಮಣ್ಣೊಳಗಿನ ಕಾಣದ ಬಾಯಿಗಳಿಗೆ
ಎಂಟು ತಿಂಗಳು ಚಳಿಗೆ ಹಲ್ಲು ಕಟ್ಟಿರುತ್ತದೆ,
ಉಳಿದ ನಾಲ್ಕರಲ್ಲಿ ನೀರು ನಿಂತು ಉಸಿರು.
ಸತ್ತವರು ಮಣ್ಣಾದರು ಎನ್ನುತ್ತೇವಲ್ಲ,
ಆ ಮಾತು ಈ ಇಳಿಜಾರಿನಲ್ಲಿ ಸುಳ್ಳು.

ಫೇರ್‌ಬ್ಯಾಂಕ್ಸಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ತೂಗುವುದು.
ಒಣಗಿಸಿ ತೂಗು. ಐನೂರೈವತ್ತು ಡಿಗ್ರಿಯ ಕುಲುಮೆಯಲ್ಲಿ
ನಾಲ್ಕು ತಾಸು ಸುಡು. ಮತ್ತೆ ತೂಗು.
ಕಳೆದದ್ದೆಷ್ಟೋ ಅಷ್ಟೂ ಒಮ್ಮೆ ಬದುಕಿದ್ದದ್ದು.
ತೆಂಕಣದ ಮೂಸೆಯಲ್ಲಿ ಇಟ್ಟಿಗೆ ಬಣ್ಣದ ಪುಡಿ ಹಾಗೇ ಉಳಿಯಿತು,
ಬಡಗಣದ್ದರಲ್ಲಿ
ಒಂದು ಚಿಟಿಕೆ ವಿಭೂತಿ.

ಗೋಡೆಗೆ ಎರಡು ಸಾಲು ಜಾಡಿ, ಒಂದೇ ಗುಣಿಯ ಮಣ್ಣು.
ಒಂದು ಸಾಲು ಐದು ಡಿಗ್ರಿಯಲ್ಲಿ, ಇನ್ನೊಂದು ಹದಿನೈದರಲ್ಲಿ.
ಸೋಮವಾರ ಮುಚ್ಚಳದ ರಬ್ಬರಿಗೆ ಸೂಜಿ ಚುಚ್ಚಿ ಉಸಿರು ಅಳೆಯುತ್ತೇನೆ.
ಬೆಚ್ಚಗಿರುವವು ಇಮ್ಮಡಿ ಉಸಿರಾಡುತ್ತವೆ, ಹದಿನೇಳನೆಯದು ಮುಮ್ಮಡಿ,
ಕಡೇ ಪಂಕ್ತಿಯಲ್ಲಿ ಕೂತು ಗಬಗಬ ಉಣ್ಣುವವರ ಹಾಗೆ.

ಆರನೇ ಕೊರೆಗುಣಿ ಗೋಲ್ಡ್‌ಸ್ಟ್ರೀಮ್ ಕಣಿವೆಯಲ್ಲಿ,
ಡೆಲೋರಿಸ್ ಪಿಟ್ಕಳ ಹಿತ್ತಲಲ್ಲಿ.
ಅಲ್ಲಿ ಮರ ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿದೆ,
ಸೇಂದಿ ಅಂಗಡಿ ಮುಚ್ಚಿದ ಹೊತ್ತು.
ಅವಳ ಮಾವ ಹೆಪ್ಪುನೆಲವನ್ನು ಅಗೆದು ಮಾಡಿದ ನೆಲಮಾಳಿಗೆಯಿತ್ತು.
ಮೂಸ್ ಮಾಂಸ, ಸಾಲ್ಮನ್, ಬಕೆಟ್ಟುಗಟ್ಟಲೆ ಬ್ಲೂಬೆರಿ
ಜುಲೈಯಲ್ಲೂ ಕಲ್ಲಾಗಿರುತ್ತಿತ್ತಂತೆ.
"ಈಗ ನೋಡು" ಎಂದು ಹಲಗೆ ಎತ್ತಿದಳು.
ಮಂಡಿಯುದ್ದ ಕಂದು ನೀರು. ತೇಲುವ ಒಂದು ಮರದ ಸೌಟು.
ಅದನ್ನು ತೆಗೆಯಲು ಏಣಿಗೆ ಕಾಲಿಟ್ಟವಳ
ತೋಳು ಹಿಡಿದೆ.

ನಮ್ಮ ಎರೆನೆಲದಲ್ಲಿ ಜೋಳ ತುಂಬಿದ ಹಗೇವಿಗೆ
ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ.
ಹಗ್ಗಕ್ಕೆ ಕಟ್ಟಿ ಕಂದೀಲು ಬಿಡುತ್ತಾರೆ.
ಉರಿದರೆ ಇಳಿ.
ಆರಿದರೆ ಕಾಳು ಒಳಗೇ ಉಸಿರಾಡಿದೆ, ಕಾಯಬೇಕು.
ಇಷ್ಟೂ ಅವಳ ಭಾಷೆಯೂ ಅಲ್ಲದ, ನನ್ನದೂ ಅಲ್ಲದ ಇಂಗ್ಲಿಷಿನಲ್ಲಿ ಹೇಳಿದೆ,
ಹಗೇವು ಎಂಬುದನ್ನು ಮಾತ್ರ ಹಾಗೇ ಬಿಟ್ಟು.
ಅವಳು ಕಣಿವೆಯನ್ನೂ ಅದರಾಚೆಯ ಬೆಟ್ಟಗಳನ್ನೂ
ಗಲ್ಲದಿಂದಲೇ ತೋರಿಸಿ ಕೇಳಿದಳು:
"ಎಷ್ಟುದ್ದದ ಹಗ್ಗ ತಂದಿದ್ದೀ?"

ಆಮೇಲೆ ಅಡುಗೆಮನೆ ಬಾಗಿಲು. ಮತ್ತೆ ಕಚ್ಚಿಕೊಂಡಿತ್ತು.
ಹೋದ ವರ್ಷ ಮೇಲಂಚು ಕೀಸಿದ್ದಳು, ಈ ಸಲ ಕೆಳಗಿನದು.
ಬಾಗಿಲು ಅವಳು ಹಿಡಿದಳು, ಉಜ್ಜುಗೊರಡು ನಾನು.
ಸುರುಳಿ ಸುರುಳಿ ಸಿಪ್ಪೆ ಪಾಚಿಯ ಮೇಲೆ ಬಿತ್ತು.
ಬಾಚಿ ಒಲೆಗೆ ಹಾಕಹೊರಟೆ.
ಬಿಡು, ಅಲ್ಲೇ ಇರಲಿ ಎಂದಳು. ಯಾಕೆಂದು ಹೇಳಲಿಲ್ಲ.
ಟೀ ಕೊಟ್ಟಳು, ಸಕ್ಕರೆ ಮರೆತು.

ಹೊಟ್ಟೆ ತಣ್ಣಗಿರಲಿ ಎಂದು ಹರಸುವ ಊರಿನವಳು ನಾನು.
ಹೊರಡುವ ಮುಂಚೆ ಕೊರೆಗುಣಿಯ ಪಕ್ಕ ಬೋರಲು ಮಲಗಿ
ಕೈ ಇಳಿಬಿಟ್ಟೆ.
ಮೊದಲ ವರ್ಷ ಮೊಳಕೈಗೆ ಸಿಕ್ಕಿತ್ತು.
ಈ ಆಗಸ್ಟಿನಲ್ಲಿ ಕಿವಿ ಪಾಚಿಗೆ ತಾಗಿ
ಭುಜ ನೆಲಕ್ಕೆ ಒತ್ತಿ
ಇನ್ನು ಚಾಚಲಾಗದು ಎನ್ನುವಾಗ
ನಡುಬೆರಳ ತುದಿಗೆ
ಚುರ್ ಎಂದಿತು ಮಂಜು.