ತಿಂಗಳ ಮೊದಲ ಸೋಮವಾರ

ಮೂರು ಫ್ರಾಂಕು, ನಾಲ್ಕು ಗಂಟೆ, ನಡುವೆ ಒಂದು ರೊಟ್ಟಿ.
ಕಾಲಿಗೆ ಹಗ್ಗ ಬಿಗಿದು ತೊಲೆಗೆ ಎಳೆದರು.
ಮೊದಲ ದಿನ ಕಿವಿಯೊಳಗೆ ಮಗ್ಗ ಬಡಿಯಿತು,
ಅದು ನನ್ನದೇ ರಕ್ತವಂತೆ.

ಮೊರಾಂ ಗುರುಗಳು ಕುಂಚ ಕಚ್ಚಿಕೊಂಡೇ ಕತೆ ಹೇಳಿದರು:
ಮಾರ್ಸಿಯಾಸ್, ಅರ್ಧ ಮೇಕೆ, ಕೊಳಲಿನವನು,
ತಂತಿ ಮೀಟುವ ದೇವರ ಜತೆ ಪಂದ್ಯ ಕಟ್ಟಿದ.
ತೀರ್ಪು ಕೊಟ್ಟವರು ದೇವರ ಕಡೆಯವರೇ.
ಸೋತವನ ತೊಗಲು ಸುಲಿದರು.
"ನೀನೇ ಅವನು, ಬೆನ್ವಾ. ಅಪೊಲೊ ಯಾರೆಂದು
ಬಾಯಿಬಿಟ್ಟು ಹೇಳಬೇಕೆ?"
ತಲೆಕೆಳಗಾದವನ ಗೋಣು
ಹೌದಿಗೂ ಬೇಡಕ್ಕೂ ಒಂದೇ ಥರ ತೂಗುತ್ತದೆ.

ಸುಲಿದ ತೊಗಲು ಮಾತ್ರ ಅವರ ಕೈಗೆ ಬರಲಿಲ್ಲ.
ಹಾಸಿಗೆಯ ದುಪ್ಪಟಿ ತೂಗುಬಿಟ್ಟರು,
ಕಸಾಯಿಯಿಂದ ಕರುವಿನ ಚರ್ಮ ತರಿಸಿ
ವಾಸನೆಗೆ ಕಿಟಕಿ ತೆರೆದರು.
ಕೊನೆಗೆ ನಾನೇ ಅಂದೆ, ಸ್ಯಾಟಿನ್ ತನ್ನಿ,
ಗಂಜಿ ಮುಟ್ಟದ್ದು, ಅಂಚು ಒಳಸುರುಳುವಂಥದು.
ಅದು ಬೀಳುವುದೇ ಹಾಗೆ.

ತಂದರು. ನಾನು ನೇಯ್ದದ್ದೇ.
ಎಂಟನೆಯ ಮೊಳದಲ್ಲಿ ಒಂದು ಎಳೆ ತಪ್ಪಿತ್ತು:
ಸೋನ್ ನದಿಯ ಸೇತುವೆ ಮೇಲೆ ತಮ್ಮ ಫ್ಲೂರಿ
ಗುಂಡಿಗೆ ಬಿದ್ದನೆಂದು
ಬಾಗಿಲಲ್ಲಿ ಯಾರೋ ಹೇಳಿದ ಹೊತ್ತು ಅದು.
ಗುರುಗಳು ಆ ತಪ್ಪನ್ನೂ ಬಿಡದೆ ಬರೆದರು,
ನರವೆಂದುಕೊಂಡು.

ಪ್ರದರ್ಶನದಲ್ಲಿ ಮಖಮಲ್ ಕೋಟಿನವರು
"ದಂಗೆಯ ಗತಿ ನೋಡಿ" ಎಂದು ತಲೆದೂಗಿದರು.
ಗುರುಗಳ ಗೆಳೆಯರು ಅದೇ ಚಿತ್ರದ ಮುಂದೆ
"ಅಯ್ಯೋ ನಮ್ಮ ಜನವೇ" ಎಂದು ಕಣ್ಣೊರಸಿಕೊಂಡರು.
ಎರಡೂ ಕಡೆಗೆ
ಒಂದೇ ಮೈ ಸಾಕಾಯಿತು.
ಚಿನ್ನದ ಪದಕ ಬಂತು. ಪೊಲೀಸ್ ಕಚೇರಿಯೇ
ಕ್ರಯ ಕೊಟ್ಟು ಕೊಂಡಿತು.

"ತೊಗಲಿನ ಜೋಡು ಹೊಲಿಸಿಕೊಟ್ಟರೂ
ನಿನ್ನ ಋಣ ತೀರದು" ಎಂದು ಕೈಹಿಡಿದರು ಗುರುಗಳು.
ಯಾರ ತೊಗಲು ಎಂದು ಕೇಳಬೇಕೆನ್ನಿಸಿತು,
ಕೇಳಲಿಲ್ಲ. ಮೂರು ಫ್ರಾಂಕು ಬಾಕಿಯಿತ್ತು.

ಈಗ ತಿಂಗಳ ಮೊದಲ ಸೋಮವಾರ
ಸತ್ತವನ ಅಣ್ಣನೆಂದು ಸಹಿ ಹಾಕಲು ಹೋಗುತ್ತೇನೆ,
ಆ ಚಿತ್ರದ ಕೆಳಗೇ.
ಗುಮಾಸ್ತ ಚಹರೆಪಟ್ಟಿ ಓದುತ್ತಾನೆ:
ಎಡ ಹುಬ್ಬಿನಲ್ಲಿ ಕಲೆ, ಮುರಿದ ಮೂಗು.
ಅವನ ಬೆನ್ನ ಹಿಂದೆ ಅದೇ ಕಲೆ, ಅದೇ ಮೂಗು,
ನೆಲದ ಕಡೆಗೆ ನೇತಾಡುತ್ತವೆ.
ತಿರುಗಿ ನೋಡಿದವನಲ್ಲ.

ಹೋದ ಸೋಮವಾರ ಮಗಳನ್ನು ಕರೆತಂದಿದ್ದ,
ಐದಾರು ವರ್ಷದವಳು. ಬೇಸರಕ್ಕೆ
ಬಗ್ಗಿ ಕಾಲಸಂದಿಯಿಂದ ಗೋಡೆ ನೋಡಿದಳು.
ಎದ್ದು ನನ್ನನ್ನು ನೋಡಿದಳು.
ಮತ್ತೆ ಬಗ್ಗಿದಳು.

ನಾನು ತುಟಿಗೆ ಬೆರಳಿಟ್ಟೆ.
ಅವಳೂ ಇಟ್ಟಳು.
ಗುಮಾಸ್ತ ನನ್ನ ಹೆಸರಿನ ಮೇಲೆ
ಮರಳು ಉದುರಿಸಿ ಶಾಯಿ ಆರಿಸಿದ.