ನಮ್ಮ ಆಡು ಮರಿ ಹಾಕಿದೆ

ದೋಹಾದಲ್ಲಿ ಶುಕ್ರವಾರವೇ ನಮ್ಮ ಭಾನುವಾರ.
ಫಿಲಿಪಿನೋಗಳ ಗಿಟಾರು ಮುಗಿದು
ಮಲಯಾಳಿಗಳ ಮೈಕು ಬರುವ ಮುಂಚೆ
ನಡುವಿನ ಒಂದೂಕಾಲು ಗಂಟೆ ಕನ್ನಡದ ದೇವರಿಗೆ.
ಹೊರಗೆ ಶಿಲುಬೆಯಿಲ್ಲದ ಕಟ್ಟಡ. ಒಳಗೆ
ಹಿಂದಿನವರ ಬಿಸಿ ಇನ್ನೂ ಆರದ ಮಡಿಸುವ ಕುರ್ಚಿ.

ಕೊನೆಗೆ ಪ್ರಕಟಣೆ. ಖಜಾಂಚಿ ದೇವಪುತ್ರಪ್ಪನವರು
ಕನ್ನಡಕ ಏರಿಸಿ ಓದಿದರು:
ಸೆನೆಗಾಲ್ ದೇಶ, ವೊಲೊಫ್ ಜನ, ಶೇಂಗಾ ಬೆಳೆಯುವ ಸೀಮೆ
("ಹಂಗಾರ ನಮ್ಮ ಬೀಗರು" ಅಂದರು ಯಾರೋ ಹಿಂದಿನಿಂದ)
ನಮ್ಮ ಸಭೆ ಓದಿಸುವ ಮಕ್ಕಳು ಹನ್ನೊಂದು.
ನನ್ನ ಪಾಲಿಗೆ ಸೊಖ್ನಾ, ಒಂಬತ್ತು ವರ್ಷ,
ತಿಂಗಳಿಗೆ ಎಪ್ಪತ್ತು ರಿಯಾಲ್.

ನಾನು ಶಾಲೆ ಬಸ್ಸಿನ ಆಯಾ.
ನಸುಕಿಗೇ ಎದ್ದು ಪರರ ಮಕ್ಕಳ ತಲೆ ಎಣಿಸಿ
ಬೆಲ್ಟು ಬಿಗಿದು, ನಿದ್ದೆಯಲ್ಲಿ ಜಾರಿದ ಬೂಟು ಹುಡುಕಿ,
ಮಧ್ಯಾಹ್ನ ಸೀಟಿನಡಿಯ ಬಿಸ್ಕತ್ತಿನ ಪುಡಿ ಗುಡಿಸುವಾಗ
ಎಪ್ಪತ್ತನ್ನು ಮೂವತ್ತರಿಂದ ಭಾಗಿಸುತ್ತೇನೆ.
ಸರಿಯಾಗಿ ಹೋಗುವುದಿಲ್ಲ.

ಕ್ರಿಸ್‌ಮಸ್ಸಿಗೆ ಪತ್ರ ಬಂತು. ಗೆರೆಹಾಳೆ, ನೀಲಿ ಶಾಯಿ, ಫ್ರೆಂಚು,
ಕೆಳಗೆ ಯಾರೋ ಟೈಪು ಮಾಡಿದ ಇಂಗ್ಲಿಷು.
ಬೈಬಲ್ಲಿನೊಳಗಿಟ್ಟು ತಂದೆ.
ಗೇಟಿನಲ್ಲಿ ಚೀಲ ನೋಡುವ ಮಕ್ತಾರ್
ಕಾಗದ ಕಂಡು ಕೈ ತಡೆದ.
"ಇದು ನಮ್ಮ ಕಡೆಯ ಅಂಚೆಚೀಟಿ."
ಓದಿಕೊಂಡ. ತುಟಿ ಅಲುಗಿತು. ಆಮೇಲೆ
ಸಮವಸ್ತ್ರದ ಗುಂಡಿ ಕಿತ್ತುಬರುವಂತೆ ನಕ್ಕ:
"ಆ ಆಡು ಇನ್ನೂ ಬದುಕಿದೆಯೇ!"

ಹರಕು ಇಂಗ್ಲಿಷಿನಲ್ಲಿ, ಮುರುಕು ಅರಬಿಯಲ್ಲಿ ಹೇಳಿದ:
ಪಾದ್ರಿಗಳ ಶಾಲೆ. ಮಧ್ಯಾಹ್ನ ಅನ್ನ, ಮೀನು.
ಶುಕ್ರವಾರ ನಮಾಜಿಗೆ ಬಿಡುತ್ತಿದ್ದರು, ತಕರಾರಿರಲಿಲ್ಲ.
(ಈಗ ಶುಕ್ರವಾರ ನಿಮಗೆ ಪ್ರಾರ್ಥನೆ, ನನಗೆ ಪಾಳಿ.)
ಅಕ್ಷರ ದುಂಡಗಿದ್ದದ್ದೇ ತಪ್ಪು,
ನಲವತ್ತು ಮಕ್ಕಳ ಪತ್ರ ನನ್ನ ಕೈಯಲ್ಲೇ.
ಮೇಷ್ಟ್ರು ಹೇಳೋರು, ನಾನು ಬರೆಯೋನು:
ಆರೋಗ್ಯವಾಗಿದ್ದೇನೆ. ಮಳೆ ಚೆನ್ನಾಗಿದೆ. ನಮ್ಮ ಆಡು ಮರಿ ಹಾಕಿದೆ.
ನಲವತ್ತು ಮನೆಗೂ ಒಂದೇ ಆಡು, ಅದೂ
ನಮ್ಮ ಮನೆಯದಲ್ಲ.

"ಆದರೂ ಓದಿದೆಯಲ್ಲ?"
"ಓದಿದೆ. ಓದೋದು, ಕಲಿಯೋದು, ಎರಡಕ್ಕೂ
ನಮ್ಮಲ್ಲಿ ಒಂದೇ ಮಾತು, ಜಾಂಗ್.
ಈಗ ಚೀಲಗಳನ್ನು ಓದುತ್ತೇನೆ."
ನಮ್ಮಲ್ಲೂ ಒಂದೇ, ಅಂದೆ.
ಹೆಬ್ಬೆಟ್ಟಿನ ನಮ್ಮವ್ವ ಕೇಳುತ್ತಿದ್ದಳು, ಎಷ್ಟು ಓದೀಯ?
ಎಷ್ಟು ಕಲಿತೀ ಎಂದೇ ಅದರ ಅರ್ಥ.

ಹಿಂದೆ ಸಾಲು ಬೆಳೆಯಿತು.
ನಾನು ನಗಲಿಲ್ಲ, ಯಾಕೆಂದರೆ ನನ್ನದೂ ಒಂದು ಆಡಿತ್ತು.
ಬೆಟಗೇರಿಯ ಮಿಷನ್ ಬೋರ್ಡಿಂಗು, ಏಪ್ರಿಲ್ ತಿಂಗಳು,
ಕೌದಿ ಒದ್ದು ಮಲಗುವ ಸೆಖೆ.
ಜರ್ಮನಿಯ ಹಿಲ್ಡೆಗಾರ್ಡ್ ಅಮ್ಮನವರಿಗೆ ಬರೆದಿದ್ದೆ:
ನೀವು ಕಳಿಸಿದ ಸ್ವೆಟರು ಬಹಳ ಬೆಚ್ಚಗಿದೆ.
ತೋಳು ಮೊಣಕಾಲು ಮುಟ್ಟುತ್ತಿತ್ತು,
ಅದನ್ನು ಬರೆಯಲಿಲ್ಲ.
ಕೊನೆಗೊಂದು ಸಾಲು ನಾನೇ ಸೇರಿಸಿದ್ದೆ:
ನನಗೆ ಹಲ್ಲುನೋವು, ನಿಮಗೂ ಬರುತ್ತದೆಯೇ?
ವಾರ್ಡನ್ ಸರೋಜಿನಿ ಟೀಚರ್ ಮೇಲಿಂದ ಗೀಚಿದರು,
ಕಾಗದ ಹರಿಯಿತು, ಮತ್ತೊಂದು ಹಾಳೆ ಕೊಟ್ಟರು.
ಆ ಹಲ್ಲು ಈಗಿಲ್ಲ. ಜಾಗಕ್ಕೆ
ನಾಲಗೆ ಹೋಗಿ ಬರುತ್ತಿರುತ್ತದೆ.

ಇವತ್ತು ಸೊಖ್ನಾಳಿಗೆ ಬರೆದೆ.
ಚೆನ್ನಾಗಿ ಓದು ಅಂತ ಬರೆಯಲಿಲ್ಲ,
ಯೇಸು ಕಾಯಲಿ ಅಂತಲೂ.
ಆಡಿನ ಮರಿಗೆ ಏನು ಹೆಸರಿಟ್ಟೆ?
ನನಗೂ ಒಂದು ಸ್ವೆಟರ್ ಇತ್ತು.
ಹಲ್ಲು ನೋಯುತ್ತದೆಯೇ?

ಮಕ್ತಾರ್ ಪಹರೆಯ ಪೆನ್ನಿನಿಂದ
ಅಂಚಿನಲ್ಲಿ ತನ್ನ ಭಾಷೆಯ ಎರಡು ಸಾಲು ಸೇರಿಸಿದ.
ಅಕ್ಷರ ಇನ್ನೂ ದುಂಡಗೇ ಇದೆ.
ಏನು ಬರೆದೆ ಅಂದರೆ
ಮುಂದಿನವರ ಚೀಲ ತೆಗೆದುಕೊಂಡ.

ಅಲ್ಲಿಯ ಮೇಷ್ಟ್ರು ಗೀಚಿದರೂ ಗೀಚಬಹುದು.
ನಾಳೆಯಲ್ಲ ನಾಡಿದ್ದು ಬಸ್ಸು.
ಇಪ್ಪತ್ತಾರು ತಲೆ, ಇಪ್ಪತ್ತಾರು ಬೆಲ್ಟು,
ಒಂದು ಮಗು ಬಾಯಿ ತೆರೆದು ತೋರಿಸುತ್ತದೆ,
ಆಂಟಿ, ನೋಡಿ, ಅಲುಗಾಡ್ತಿದೆ.