ಮುದ್ರೆ

ಎಂಬೂರಿನ ಆಸ್ಪತ್ರೆಗೆ ಎರಡು ಬಾಗಿಲು.
ಮುಂದಿನದು ಬಸುರಿಯರಿಗೆ, ಜ್ವರಕ್ಕೆ, ಕೆಮ್ಮಿಗೆ.
ಹಿಂದಿನದು ಮಂಗಳವಾರದವರಿಗೆ.
ಅದಕ್ಕೆ ಬೋರ್ಡಿಲ್ಲ. ಬೇಕಾದವರಿಗೆ ಗೊತ್ತು,
ಬೇಡದವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಾನು ಸೂಲಗಿತ್ತಿ. ಇಪ್ಪತ್ತೆರಡು ವರ್ಷ
ಅಲ್ಲಿ ಕೂಸು ಹಿಡಿದ ಕೈಯಲ್ಲೇ
ಇಲ್ಲಿ ಮುದ್ರೆ ಒತ್ತುತ್ತಿದ್ದೇನೆ,
ಹದಿನೈದು ದಿನಕ್ಕೊಂದು:
ಹೆಸರು, ಫೋಟೊ, ರಕ್ತ, ತಾರೀಖು.
ತಪ್ಪಲ್ಲ ಅನ್ನುತ್ತದೆ ಕಾನೂನು.
ಸರಿ ಅಂತ ಎಲ್ಲೂ ಬರೆದಿಲ್ಲ, ಹುಡುಕಿದ್ದೇನೆ.

ನೀಲಾನ್ ತನ್ನ ಪುಸ್ತಕವನ್ನು
ಅಕ್ಕಿ ಚೀಲದ ತಳದಲ್ಲಿಡುತ್ತಾಳೆ. ಪುಟಕ್ಕೆಲ್ಲ ನುಸಿ.
"ಅಣ್ಣನಿಗೆ ಅನ್ನ ಗೊತ್ತು, ಚೀಲ ಗೊತ್ತಿಲ್ಲ"
ಎಂದು ನಗುತ್ತಾಳೆ.
ಪುಸ್ತಕ ಇದ್ದರೆ ಪೊಲೀಸರು ಹಿಡಿಯುವುದಿಲ್ಲ,
ಪುಸ್ತಕ ಸಿಕ್ಕರೆ ಅಣ್ಣ ಬಿಡುವುದಿಲ್ಲ.

ಆದರೂ ಹಿಡಿದರು.
ಒಣಮೀನಿನ ದಕ್ಕೆಯ ಹತ್ತಿರ, ಟಾರ್ಚಿನ ಬೆಳಕಲ್ಲಿ
ಬೆರಳು ಮಡಿಸಿ ಎಣಿಸಿದ: ಎರಡು ದಿನ ಮೀರಿದೆ.
ಮಗನಿಗೆ ದಡಾರ ಎಂದಳು.
ದಡಾರಕ್ಕೆ ಪುಸ್ತಕದಲ್ಲಿ ಜಾಗವಿಲ್ಲ.
ಬೆಳಿಗ್ಗೆ ಬಿಟ್ಟ. ಪುಸ್ತಕ ವಾಪಸು ಕೊಟ್ಟ,
ಒಳಗಿದ್ದ ನೋಟು ಬಿಟ್ಟು.

ಡಕಾರಿನಿಂದ ಒಬ್ಬರು ಬಂದಿದ್ದರು, ಕನ್ನಡಕ, ಫೈಲು.
"ಪಟ್ಟಿ ಇರಬೇಕೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ."
ಹೆರಿಗೆಯೇ ಒಂದು ನೋವಿಗೆ ಮುಗಿಯುವುದಿಲ್ಲ, ಸ್ವಾಮಿ.
ಪಟ್ಟಿ ಇದ್ದುದಕ್ಕೆ ತಾಯಿಯ ಸಿಫಿಲಿಸ್
ಹೊಟ್ಟೆಯ ಕೂಸಿಗೆ ದಾಟದೆ ನಿಂತದ್ದನ್ನು ಕಂಡಿದ್ದೇನೆ.
ನೀಲಾನಳ ಮಗನೇ ಸಾಕ್ಷಿ,
ಶಾಲೆಯ ಗೋಡೆ ಹಾರಿ ಹಾರಿ ಚಡ್ಡಿ ಹರಿದುಕೊಳ್ಳುತ್ತಾನೆ.
ಆದರೆ ಸೇರಿಸಲು ಒಂದು ಅಂಕಣ ಇದೆ ಪಟ್ಟಿಯಲ್ಲಿ,
ಹೊಡೆದುಹಾಕುವ ಕೆಂಪು ಶಾಯಿ
ಮೂರು ವರ್ಷದಿಂದ ಬಂದಿಲ್ಲ.
ಬಿಟ್ಟವಳೂ ಇದ್ದಾಳೆ ಅದರಲ್ಲಿ, ಸತ್ತವಳೂ ಇದ್ದಾಳೆ.
ಅವರು ಚಹಾ ಮುಗಿಸಿ ಬರೆದುಕೊಂಡರು:
ಅಭಿಪ್ರಾಯ ಸ್ಪಷ್ಟವಿಲ್ಲ.

ತೆನಿಂಗ್ ಮೊದಲು ಬಂದಾಗ ಹತ್ತೊಂಬತ್ತು.
ಇಪ್ಪತ್ತೊಂದಾಗದೆ ಪುಸ್ತಕವಿಲ್ಲ, ಹಾಗಾಗಿ ಅವಳೂ ಇಲ್ಲ.
ದಕ್ಕೆಯಲ್ಲಿದ್ದಾಳೆ,
ಐಸಿನ ಲಾರಿಗಳ ನಡುವೆ ಇದ್ದಾಳೆ,
ಕಾನೂನಿನಲ್ಲಿ ಇಲ್ಲ.
ಮುಂದಿನ ಬಾಗಿಲಿಂದ ಕರೆದು "ಕೆಮ್ಮು" ಎಂದು ಬರೆದೆ.
ಎರಡು ವರ್ಷ
ನನ್ನ ದಾಖಲೆಯಲ್ಲಿ ಕೆಮ್ಮಿದಳು ಆ ಹುಡುಗಿ.

ನಿನ್ನೆ ಹಿಂದಿನ ಬಾಗಿಲಿಗೆ ಬಂದಳು.
ಕಿವಿಗೆ ಹೊಸ ಓಲೆ, ಕೈಯಲ್ಲಿ ಫೋಟೊ.
"ಇವತ್ತು ನನ್ನ ಹುಟ್ಟಿದ ದಿನ" ಎಂದು
ಮೇಜಿನ ಮೇಲೆ ಎರಡು ಬಿಸ್ಕತ್ತು ಇಟ್ಟಳು.

ಹರಸಬೇಕಿತ್ತು. ಬಾಯಿಗೆ ಬಂದದ್ದು ಬೇರೆ:
"ಫೋಟೊದಲ್ಲಿ ನಗಬಾರದಿತ್ತು."
ಶಾಯಿ ಒಣಗಿತ್ತು.
ಅಳದೆ ಹುಟ್ಟಿದ ಕೂಸಿಗೆ ಊದುವಂತೆ
ಮುದ್ರೆಯ ಮೇಲೆ ಎರಡು ಸಲ ಉಸಿರೂದಿ
ಒತ್ತಿದೆ.